ನಾಲ್ಕನೇ ಸೀಸೆ

ರಿಬ್ಬನ್ನಿನ ಮೇಲಿದ್ದ ಒಂದೇ ಒಂದು ಸಾಲನ್ನು ಹಿಲ್ಕ ಮತ್ತೆ ಮೊದಲಿನಿಂದ ಓದತೊಡಗಿದಳು. ಮೊದಲ ಸಲ ನಡುವೆಯೇ ನಿಂತುಹೋಗಿದ್ದಳು. ಹೂವನ್ನು ಶವಪೆಟ್ಟಿಗೆಯ ಬುಡದಲ್ಲಿಟ್ಟು, ರಿಬ್ಬನ್ನಿನ ಮೇಲೆ ಬರೆಸಿದ್ದನ್ನು ಎಲ್ಲರಿಗೂ ಕೇಳುವಂತೆ ಓದಿ, ಸತ್ತವರಿಗೊಮ್ಮೆ, ಮನೆಯವರಿಗೊಮ್ಮೆ ತಲೆಬಾಗಿ ಹಿಂದೆ ಸರಿಯಬೇಕು. ಗಡಿಯೂರು ಹರ್ಮಾಯೋಕಿಯ ಚರ್ಚಿನಲ್ಲಿ ಯಾರು ಸತ್ತರೂ ಇದನ್ನು ತಪ್ಪಿಸುವ ಹಾಗಿಲ್ಲ. ಬಾಯಿಪಾಠ ಮಾಡಿಕೊಂಡು ಬಂದವರೂ ಅಲ್ಲಿ ತಡವರಿಸುತ್ತಾರೆ.

“ಸೈಮಾಗೆ, ಇಪ್ಪತ್ತೆರಡು ವರ್ಷದ ಮಾತುಕತೆಗಾಗಿ, ಯಲಸ್‌ವಾರಾದ ಹಿಲ್ಕ,” ಎಂದು ಈ ಸಲ ಒಂದೇ ಉಸಿರಿನಲ್ಲಿ ಮುಗಿಸಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಸೈಮಾಳ ಗಂಡ ತಾಯ್ಸ್ತೊ ತಲೆಯಾಡಿಸಿದ. ಅವನ ಕರಿಯ ಕೋಟು ಮದುವೆಯ ಕಾಲದ್ದಿರಬೇಕು, ಗುಂಡಿ ಹಾಕಿಕೊಳ್ಳಲು ಆಗಿರಲಿಲ್ಲ.

ಹಿಲ್ಕಳ ಹಿಂದೆಯೇ ಸುಂದೆಲ್ ಬಂದರು. ರಾಜಧಾನಿಯ ಕೇಂದ್ರ ಸಂಸ್ಥೆಯಲ್ಲಿ ಕೂತು, ನಾಳೆ ಹೊಸ ರೋಗವೊಂದು ಬಂದರೆ ದೇಶದ ಯಾವ ಪ್ರಯೋಗಾಲಯ ಏನು ಮಾಡಬೇಕೆಂದು ಗೊತ್ತುಮಾಡುವವರು ಅವರು. ಹರ್ಮಾಯೋಕಿಯ ಲ್ಯಾಬಿನ ಹೆಂಗಸೊಬ್ಬಳು ಸತ್ತಳೆಂದು ಅಂಥವರು ಐನೂರು ಕಿಲೋಮೀಟರು ಬಂದದ್ದಕ್ಕೆ ಊರಿನವರಿಗೆಲ್ಲ ಹೆಮ್ಮೆ. ಅವರ ಹೂಚಕ್ರ ಎಲ್ಲರದ್ದಕ್ಕಿಂತ ದೊಡ್ಡದಿತ್ತು. ಕನ್ನಡಕ ಸರಿಮಾಡಿಕೊಂಡು ಅವರು ಓದಿದರು: “ಇಪ್ಪತ್ತೆರಡು ವರ್ಷದಲ್ಲಿ ಒಂದು ಉತ್ತರವೂ ತಪ್ಪದ ಸೈಮಾ ಅವರಿಗೆ, ಕೃತಜ್ಞತೆಯಿಂದ.”

ಹಿಂದಿನ ಸಾಲುಗಳಲ್ಲಿ ಯಾರೋ ಬಿಕ್ಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಹಿಲ್ಕ ತನಗೆ ಗೊತ್ತಿಲ್ಲದೆಯೇ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಚೀಲದಲ್ಲಿ ಅವಳ ಫೋನಿತ್ತು.

ಆರು ಜನ ಬಿಳಿ ಪಟ್ಟಿಗಳಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ತಾಯ್ಸ್ತೊ ತಲೆಯ ಕಡೆ ಹಿಡಿದಿದ್ದ. ಇಳಿಸಿದವರೇ ಸಲಿಕೆ ಹಿಡಿದು ಮಣ್ಣು ತುಂಬಿದರು. ಅಕ್ಟೋಬರಿನ ಮಣ್ಣು ಇನ್ನೂ ಹೆಪ್ಪುಗಟ್ಟಿರಲಿಲ್ಲ. ಇನ್ನು ಮೂರು ವಾರ ತಡೆದಿದ್ದರೆ ಯಂತ್ರ ತರಿಸಬೇಕಾಗುತ್ತಿತ್ತು, ಸೈಮಾ ಯಾವುದಕ್ಕೂ ಯಾರಿಗೂ ತೊಂದರೆ ಕೊಟ್ಟವಳಲ್ಲ ಎಂದು ಯಾರೋ ಹೇಳಿದರು. ಆ ಮಾತು ನಿಜ. ತಿಂಗಳ ಮೊದಲ ಮಂಗಳವಾರ ಬಂತೆಂದರೆ ಲ್ಯಾಬಿನ ಜನರೇಟರನ್ನು ಅವಳೇ ಚಾಲೂ ಮಾಡಿ ನೋಡುತ್ತಿದ್ದಳು. ಮಾದರಿ ಕಳಿಸುವ ಮೂರು ಪದರದ ಡಬ್ಬಗಳನ್ನು ಇಪ್ಪತ್ತರಂತೆ ಕಟ್ಟಿ ಸಿದ್ಧವಾಗಿಡುತ್ತಿದ್ದಳು. ಯಾರಿಗೆ ಮೊದಲು ಫೋನು ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ ಎಂಬ ಪಟ್ಟಿಯನ್ನು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಳು. ಬೆಂಕಿ ಬಿದ್ದಾಗ ಬಾವಿ ತೋಡುವವರ ನಡುವೆ ಅವಳು ಮೊದಲೇ ಬಾವಿ ತೋಡಿಟ್ಟು ಕಾಯುವವಳು. ಮನೆಯಲ್ಲಿ ಮಾತ್ರ ಕರೆಂಟು ಹೋದರೆ ಮೇಣದಬತ್ತಿ ಸಿಗುತ್ತಿರಲಿಲ್ಲವೆಂದು ತಾಯ್ಸ್ತೊ ಗೇಲಿ ಮಾಡುತ್ತಿದ್ದ.

ಗುಂಡಿಯ ಮೇಲೆ ಸ್ಪ್ರೂಸ್ ಮರದ ಹಸಿರು ಟೊಂಗೆಗಳನ್ನು ಹರಡುತ್ತಿದ್ದಾಗ ಸುಂದೆಲ್ ಹಿಲ್ಕಳ ಪಕ್ಕಕ್ಕೆ ಬಂದು ನಿಂತರು. ಇನ್ನೂ ಯಾರಿಗೂ ಹೇಳಬೇಡಿ ಎಂದು ಶುರುಮಾಡಿದರು. ತುಪ್ಪಳಕ್ಕಾಗಿ ನರಿ ಸಾಕುವ ಕೇಂದ್ರಗಳಲ್ಲಿ ಹಕ್ಕಿಜ್ವರ ಈ ಚಳಿಗಾಲ ಮತ್ತೆ ಬರುವ ಲಕ್ಷಣವಿದೆಯಂತೆ. ಈ ಗಡಿಸೀಮೆಯ ಮಾದರಿಗಳನ್ನೆಲ್ಲ ಇನ್ನು ಮುಂದೆ ಹರ್ಮಾಯೋಕಿಯಲ್ಲೇ ನೋಡುವುದೆಂದು ತೀರ್ಮಾನವಾಗಿದೆಯಂತೆ. ಇಷ್ಟು ಒಳ್ಳೆಯ ದಾಖಲೆ ದೇಶದಲ್ಲಿ ಬೇರೆ ಯಾರಿಗೂ ಇಲ್ಲ. ಸೋಮವಾರ ಸಹಿ. ಈ ಸುತ್ತಿನ ಪರೀಕ್ಷೆಪೆಟ್ಟಿಗೆಯ ಉತ್ತರ ಒಂದು ಬಂದುಬಿಟ್ಟರೆ ಆಯಿತು, ಇವತ್ತು ನಾಲ್ಕು ಗಂಟೆ ಗಡುವು.

“ಅಕಸ್ಮಾತ್ ತಪ್ಪು ಬಂದ್ರೆ?” ಎಂದು ಹಿಲ್ಕ ಕೇಳಿದಳು.

“ಬಂದ್ರೆ ನಿಯಮ ಇದೆಯಲ್ಲ. ಕೆಲಸ ನಿಲ್ಸಿ ಯಂತ್ರ ಎಲ್ಲ ತಪಾಸಣೆ ಮಾಡ್ತೀವಿ. ಸಹಿ ಮಾಡಿದವ್ರನ್ನ ಆ ಕೆಲಸದಿಂದ ತೆಗೀತೀವಿ. ಆದ್ರೆ ಇಲ್ಲಿ ಯಾಕೆ ಬರುತ್ತೆ?” ಎಂದು ಸುಂದೆಲ್ ನಕ್ಕರು.

ಹಿಲ್ಕ ಬಾಯಿ ತೆರೆದಳು. ಸೈಮಾಳ ದಾಖಲೆಯ ಬಗ್ಗೆ ಒಂದು ಮಾತು ಹೇಳಬೇಕಿತ್ತು ಎಂದಳು. ಸುಂದೆಲ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಿಮ್ಮ ಯಲಸ್‌ವಾರಾ ಲ್ಯಾಬಿನ ದಾಖಲೆಯೂ ಏನು ಕಡಿಮೆಯೇ, ನೀವಿಬ್ಬರೂ ಒಂದೇ ತಾಯಿಯ ಮಕ್ಕಳ ಹಾಗೆ ಎಂದರು. ಹಿಲ್ಕಳಿಗೆ ಭಯವಾಯಿತು. ಸೈಮಾಳ ಹೆಸರು ಹೋಗುತ್ತದೆಂಬ ಭಯವಲ್ಲ ಅದು, ತನ್ನ ಹೆಸರು ಹೋಗುತ್ತದೆಂಬ ಭಯ. ಬಾಯಿ ಮುಚ್ಚಿಕೊಂಡಳು.

*

ಲಕೋಟೆಗಳಲ್ಲಿ ರೋಗಾಣು ತುಂಬಿದ ಬಿಳಿ ಪುಡಿ ಬರುತ್ತಿದೆಯೆಂದು ಪ್ರಪಂಚವೆಲ್ಲ ಹೆದರಿ ಕೂತಿದ್ದ ಕಾಲದ ಮರುವರ್ಷ ಅವರಿಬ್ಬರ ಪರಿಚಯವಾದದ್ದು. ಸಣ್ಣ ಊರುಗಳ ಲ್ಯಾಬುಗಳನ್ನೂ ತುರ್ತು ಕೆಲಸಕ್ಕೆ ತಯಾರು ಮಾಡಬೇಕೆಂದು ರಾಜಧಾನಿಯಲ್ಲಿ ಒಂದು ವಾರ ತರಬೇತಿ ಕೊಟ್ಟರು. ಮೈಮುಚ್ಚುವ ಪೋಷಾಕಿನ ಜಿಪ್ಪು ಸಿಕ್ಕಿಕೊಂಡು ಸೈಮಾ ಒಳಗೇ ಉಳಿದಳು. ಹಿಲ್ಕ ಕತ್ತರಿ ತಂದು ಬಿಡಿಸಿದಳು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟೆಲ್ಲ ಕಲಿತು ಊರಿಗೆ ಬಂದ ಮೇಲೆ ಹರ್ಮಾಯೋಕಿಗೆ ಬಂದದ್ದು ಒಂದೇ ಒಂದು ಪುಡಿಯ ಲಕೋಟೆ. ಅದು ಮೈದಾಹಿಟ್ಟು.

ವರ್ಷಕ್ಕೆ ಎರಡು ಸಲ ಕೇಂದ್ರ ಸಂಸ್ಥೆಯಿಂದ ಪರೀಕ್ಷೆಪೆಟ್ಟಿಗೆ ಬರುತ್ತಿತ್ತು. ಅದರಲ್ಲಿ ಎಂಟು ಸಣ್ಣ ಸೀಸೆ, ಅವುಗಳ ಮೇಲೆ ನಂಬರು ಮಾತ್ರ. ಕೆಲವದರಲ್ಲಿ ಸತ್ತ ರೋಗಾಣು, ಕೆಲವದರಲ್ಲಿ ಬರೀ ನೀರು, ಒಂದರಲ್ಲಿ ಇದ್ದೂ ಇಲ್ಲದಷ್ಟು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಬರೆದು ಕಳಿಸಬೇಕು. ನಿಜವಾದ ಗಂಡಾಂತರ ಬಂದ ದಿನ ಯಾವ ಲ್ಯಾಬಿನ ಕಣ್ಣು ಕಾಣುತ್ತದೆ, ಯಾವುದರದ್ದು ಕಾಣುವುದಿಲ್ಲ ಎಂದು ಮೊದಲೇ ತಿಳಿದುಕೊಳ್ಳುವ ದಾರಿ ಅದು.

ಮೊದಲ ಪೆಟ್ಟಿಗೆ ಬಂದ ಸಂಜೆ ಸೈಮಾ ಫೋನು ಮಾಡಿ, “ನಿಂದು ಐದನೇದು ಏನ್ ಬಂತೇ?” ಎಂದಳು. ಹಿಲ್ಕಳದು ಇಲ್ಲ ಎಂದು ಬಂದಿತ್ತು, ಸೈಮಾಳದು ಇದೆ ಎಂದು. ಹಿಲ್ಕ ಮತ್ತೆ ಮಾಡಿ ನೋಡಿದಳು, ಸೈಮಾ ಹೇಳಿದ್ದೇ ಸರಿ. ತಿದ್ದಿ ಕಳಿಸಿದಳು. ನೆರೆಮನೆಯವಳ ಹತ್ತಿರ ಮೊಸರಿಗೆ ಹೆಪ್ಪು ಕೇಳಿದಷ್ಟು ಸಹಜವಾಗಿತ್ತು. ಮೋಸವೆಂದು ಇಬ್ಬರಿಗೂ ಅನಿಸಲಿಲ್ಲ. ಆಮೇಲೆ ಪ್ರತಿ ಪೆಟ್ಟಿಗೆಗೂ ಫೋನು. ಫೋನಿನಲ್ಲಿ ಎಂಟು ಸೀಸೆ ಎರಡು ನಿಮಿಷದಲ್ಲಿ ಮುಗಿದು, ಗಂಡಂದಿರು, ಮಂಡಿನೋವು, ಆ ವರ್ಷದ ಕಾಡುಹಣ್ಣಿನ ಫಸಲು ಒಂದು ಗಂಟೆ ನಡೆಯುತ್ತಿತ್ತು.

ಎಂಟು ವರ್ಷದ ಹಿಂದೆ ಯಲಸ್‌ವಾರಾದ ರೋಗಾಣು ಪತ್ತೆಹಚ್ಚುವ ಯಂತ್ರ ಕೆಟ್ಟು ನಿಂತಿತು, ಹೊಸದು ಬಂತು. ಹರ್ಮಾಯೋಕಿಯದು ಕೆಡಲಿಲ್ಲ, ಬರೀ ಮುದಿಯಾಯಿತು. ಇದ್ದೂ ಇಲ್ಲದಷ್ಟು ಇರುವ ಸೀಸೆ ಅದಕ್ಕೆ ಕಾಣುವುದು ನಿಂತಿತು. ಸೈಮಾ ಪ್ರತಿ ಸಲವೂ ಹಿಲ್ಕಳ ಉತ್ತರಕ್ಕೆ ತನ್ನದನ್ನು ಹೊಂದಿಸಿಕೊಂಡಳು. ಹೊಸ ಯಂತ್ರ ಬೇಕೆಂದು ಮೂರು ಸಲ ಬರೆದಳು. ನೂರಕ್ಕೆ ನೂರು ತೆಗೆಯುವವರಿಗೆ ಹೊಸ ಯಂತ್ರ ಯಾಕೆ ಎಂದು ಮೂರು ಸಲವೂ ಮರ್ಯಾದೆಯಾಗಿ ಉತ್ತರ ಬಂತು.

*

ಚರ್ಚಿನ ಪಕ್ಕದ ಸಭಾಮನೆಯಲ್ಲಿ ಸಾಲ್ಮನ್ ಮೀನಿನ ಸಾರು ಬಡಿಸಿದ್ದರು. ಆಮೇಲೆ ಕಾಫಿ, ಏಲಕ್ಕಿ ಬನ್ನು, ಕೆನೆ ಬಳಿದು ಸೀಗಡಿಯಿಂದ ಅಲಂಕರಿಸಿದ ದೊಡ್ಡ ಬ್ರೆಡ್ ಕೇಕು. ಬರಲಾಗದವರು ಕಳಿಸಿದ ಸಂತಾಪಪತ್ರಗಳನ್ನು ಪಾದ್ರಿ ಒಂದೊಂದಾಗಿ ಓದುತ್ತಿದ್ದರು. ತಾಯ್ಸ್ತೊ ಬಂದು ಹಿಲ್ಕಳ ಪಕ್ಕದ ಕುರ್ಚಿಯಲ್ಲಿ ಭಾರವಾಗಿ ಕೂತ. ಊಟ ಮುಟ್ಟಿರಲಿಲ್ಲ.

“ಆ ಪೆಟ್ಟಿಗೆ ಬಂದಾಗೆಲ್ಲ ಅಡುಗೆಮನೆ ಬಾಗಿಲು ಹಾಕ್ಕೊಂಡು ನಿನ್ ಹತ್ರ ಮಾತಾಡೋಳು,” ಎಂದ. “ನನ್ ಮೇಲೆ ಚಾಡಿ ಹೇಳ್ತಾಳೆ ಅಂದ್ಕೊಂಡಿದ್ದೆ.”

“ಅದೂ ಹೇಳ್ತಿದ್ಲು.”

ಅವನು ನಕ್ಕ, ನಗುತ್ತಲೇ ಅವನ ಮುಖ ಕಿವುಚಿಕೊಂಡಿತು. ಕೊನೆಯ ಎರಡು ವರ್ಷ ಅವಳು ಸರಿಯಾಗಿ ನಿದ್ದೆಯನ್ನೇ ಮಾಡಲಿಲ್ಲ ಎಂದ. ಹೊಟ್ಟೆಯ ಗಡ್ಡೆ ಸಿಕ್ಕಿದ್ದು ಈ ವರ್ಷ, ನಿದ್ದೆ ಹೋದದ್ದು ಅದಕ್ಕಿಂತ ಮೊದಲು. ಏನೆಂದು ಕೇಳಿದರೆ ಹೇಳಲಿಲ್ಲ. ಇವತ್ತು ಸುಂದೆಲ್ ಲ್ಯಾಬಿನ ಬಾಗಿಲಿಗೆ ಅವಳ ಹೆಸರಿಡುತ್ತೇವೆಂದು ಹೇಳಿದರಂತೆ. ಇಷ್ಟು ವರ್ಷ ಹಬ್ಬಹುಣ್ಣಿಮೆ ಎನ್ನದೆ ಅವಳು ಲ್ಯಾಬಿಗೆ ಓಡಿದ್ದಕ್ಕೆ ಒಂದು ಅರ್ಥ ಬಂತೆಂದು ಅವನಿಗೆ ಇವತ್ತು ಅನಿಸಿತಂತೆ.

“ನಿಂಗೇನಾದ್ರೂ ಹೇಳಿದ್ಲಾ ಹಿಲ್ಕ? ಯಾಕೆ ನಿದ್ದೆ ಬರ್ತಿರ್ಲಿಲ್ಲ ಅಂತ?”

“ಇಲ್ಲ,” ಎಂದಳು ಹಿಲ್ಕ.

*

ಎರಡು ಚಳಿಗಾಲದ ಹಿಂದೆ ಹೊಳೆಯಾಚೆಯ ನರಿಕೇಂದ್ರದಲ್ಲಿ ಮೊದಲು ಕಡಲಹಕ್ಕಿಗಳು ಸತ್ತು ಬಿದ್ದವು. ಆಮೇಲೆ ಪಂಜರದ ನರಿಗಳು ನಡುಗತೊಡಗಿದವು. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿಗೆ ಜ್ವರ ಬಂತು, ಅವಳ ಗಂಟಲಿನ ಮಾದರಿ ಹರ್ಮಾಯೋಕಿಗೆ ಬಂತು. ಸೈಮಾ ಅವತ್ತು ಎಲ್ಲವನ್ನೂ ಪಟ್ಟಿಯ ಪ್ರಕಾರ ಮಾಡಿದಳು. ಯಂತ್ರ ಇಲ್ಲ ಎಂದಿತು. ಇಲ್ಲ ಎಂದು ಬರೆದು ಸಹಿ ಮಾಡಿದಳು. ಹೆಂಗಸು ಮನೆಗೆ ಹೋದಳು, ನರಿಕೇಂದ್ರದ ಕೆಲಸ ನಿಲ್ಲಲಿಲ್ಲ.

ನಾಲ್ಕು ದಿನದ ಮೇಲೆ ಆ ಹೆಂಗಸು ಉಸಿರಾಡಲಾರದೆ ಯಲಸ್‌ವಾರಾದ ಆಸ್ಪತ್ರೆ ಸೇರಿದಳು. ಎರಡನೆಯ ಮಾದರಿಯನ್ನು ನೋಡಿದ್ದು ಹಿಲ್ಕ. ಇತ್ತು. ಆ ಹೆಂಗಸು ಹತ್ತೊಂಬತ್ತು ದಿನ ಉಸಿರಿನ ಯಂತ್ರದಲ್ಲಿದ್ದು ಬದುಕಿಕೊಂಡಳು. ಈಗ ಮನೆಯ ಮೆಟ್ಟಿಲು ಹತ್ತುವುದಕ್ಕೂ ನಡುವೆ ಕೂರಬೇಕು. ಆ ನಾಲ್ಕು ದಿನ ಅವಳ ಬದಲಿಗೆ ನರಿಗಳಿಗೆ ಆಹಾರ ಹಾಕಿದ್ದ ಮುದುಕನಿಗೂ ಹತ್ತಿತು. ಅವನು ಉಳಿಯಲಿಲ್ಲ. ಬಹಳ ಬೇಗ ತೆಗೆದ ಮಾದರಿಯಲ್ಲಿ ಹೀಗಾಗುತ್ತದೆಂದು ಮೇಲಿನವರು ಕಾಗದದಲ್ಲಿ ಬರೆದುಕೊಂಡರು. ಹರ್ಮಾಯೋಕಿಯನ್ನು ಯಾರೂ ಅನುಮಾನಿಸಲಿಲ್ಲ. ಅಂಥ ದಾಖಲೆ ಇದ್ದವರನ್ನು ಅನುಮಾನಿಸುವುದು ಹೇಗೆ?

ಉಳಿದಿದ್ದ ಮೊದಲ ಮಾದರಿಯನ್ನು ಸೈಮಾ ಗುಟ್ಟಾಗಿ ಹಿಲ್ಕಳಿಗೆ ಕಳಿಸಿದಳು. ಹೊಸ ಯಂತ್ರ ಒಂದೇ ಸಲಕ್ಕೆ ಇದೆ ಎಂದಿತು.

“ಕೊಂದಿದ್ದು ನಾವೇ ಕಣೇ,” ಎಂದಳು ಸೈಮಾ ಫೋನಿನಲ್ಲಿ. ಆಮೇಲೆ ಅವಳೇ ಹೇಳಿದಳು: “ಬರೋ ಸಲ ನಮ್ ಯಂತ್ರ ಏನ್ ಹೇಳುತ್ತೋ ಅದನ್ನೇ ಕಳಿಸ್ತೀನಿ. ತಪ್ಪು ಬರ್ಲಿ, ಅವ್ರೇ ಬಂದು ನೋಡ್ಲಿ. ನಾನು ಫೋನ್ ಮಾಡಿದ್ರೆ ನೀನು ಎತ್ಬೇಡ.”

ವಸಂತದಲ್ಲಿ ಪೆಟ್ಟಿಗೆ ಬಂತು. ಸೈಮಾ ಫೋನು ಮಾಡಿದಳು. ಹಿಲ್ಕ ಎತ್ತಿದಳು.

*

ಮೂರೂವರೆಗೆ ಪೈವಿಕ್ಕಿ ಬಂದು, ತಾಯ್ಸ್ತೊ ಎದ್ದುಹೋದ ಕುರ್ಚಿಯಲ್ಲಿ ಕೂತಳು. ನಲವತ್ತು ದಾಟಿದ ಹೆಂಗಸು, ಬೇಸಗೆಯಲ್ಲಿ ಸೈಮಾಳ ಜಾಗಕ್ಕೆ ಬಂದವಳು. ಕ್ರಿಸ್ಮಸ್‌ವರೆಗೆ ಅವಳ ಕೆಲಸ ಕಾಯಂ ಅಲ್ಲ. ಕಾಗದದ ಕಾರ್ಖಾನೆ ಮುಚ್ಚಿ ಗಂಡ ಮನೆಯಲ್ಲಿದ್ದಾನೆ, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿ ಆಗಿದೆ ಎಂದು ಸಾರು ಕುಡಿಯುವಾಗಲೇ ಹೇಳಿಕೊಂಡಿದ್ದಳು. ಅವಳು ಅತ್ತಿತ್ತ ನೋಡಿ, ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ತಟ್ಟೆಯ ಪಕ್ಕಕ್ಕೆ ಸರಿಸಿದಳು.

“ಆಸ್ಪತ್ರೇಲಿ ಸೈಮಾ ಹೇಳಿದ್ರು, ಕಳ್ಸೋಕೆ ಮುಂಚೆ ಒಂದ್ಸಲ ಹಿಲ್ಕಾನ ಕೇಳು ಅಂತ. ಕೇಳ್ಬಾರ್ದು ಅಂತ ನಂಗೂ ಗೊತ್ತು. ಆದ್ರೆ ಅವ್ರ ಕೊನೇ ಮಾತು.”

ಹಿಲ್ಕ ಕಾಗದ ಬಿಡಿಸಿದಳು. ಒಂದರಿಂದ ಎಂಟರವರೆಗೆ ಪೆನ್ಸಿಲಿನಲ್ಲಿ ಬರೆದಿತ್ತು. ಏಳು ಸೀಸೆಗಳ ಉತ್ತರ ಹಿಲ್ಕಳ ಉತ್ತರದ ಹಾಗೆಯೇ ಇತ್ತು. ನಾಲ್ಕನೆಯದರ ಮುಂದೆ ಏನೂ ಬರೆದಿರಲಿಲ್ಲ. ಯಲಸ್‌ವಾರಾದಲ್ಲಿ ನಾಲ್ಕನೆಯದು ಇದೆ ಎಂದು ಬಂದು, ಆ ಉತ್ತರ ಬುಧವಾರವೇ ಹೋಗಿತ್ತು.

“ನಾಲ್ಕು ಒಂದೇ ಗೊತ್ತಾಗ್ತಿಲ್ಲ,” ಎಂದಳು ಪೈವಿಕ್ಕಿ. “ಮೂರ್ ಸಲ ಮಾಡ್ದೆ. ಎರಡ್ ಸಲ ಇಲ್ಲ ಅಂತು. ಮೂರನೇ ಸಲ ಕೊನೇಲಿ ಪರದೆ ಮೇಲಿನ ಗೆರೆ ಒಂಚೂರು ಎದ್ದ ಹಾಗಿತ್ತು, ಅಷ್ಟೇ. ಲೆಕ್ಕಕ್ಕೆ ಬರಲ್ಲ ಅದು. ಆದ್ರೆ ನಂಗ್ಯಾಕೋ ಇದೆ ಅನ್ಸುತ್ತೆ, ಹಿಲ್ಕ. ಇದೆ ಅಂತ ಬರೀಲಾ?”

ಹಿಲ್ಕ ಅವಳ ಮುಖ ನೋಡಿದಳು. ಮುದಿ ಯಂತ್ರ ಕಾಣದ್ದನ್ನು ಈ ಹೆಂಗಸು ಕಂಡಿದ್ದಳು. ಸೈಮಾಳಿಗಿಂತ ಇವಳ ಕಣ್ಣು ಚುರುಕು. ಇದೆ ಎಂದು ಬರೆದರೆ ಮತ್ತೆ ನೂರಕ್ಕೆ ನೂರು. ಸೋಮವಾರ ಸಹಿ ಬೀಳುತ್ತದೆ. ಹಿಮ ಬಿದ್ದ ಮೇಲೆ ನರಿಕೇಂದ್ರಗಳ ಜ್ವರದವರೆಲ್ಲ ಅದೇ ಯಂತ್ರದ ಮುಂದೆ ಬರುತ್ತಾರೆ, ಒಂದೊಂದು ಮಾದರಿಯನ್ನೂ ಮೂರು ಸಲ ಮಾಡಿ ಗೆರೆ ನೋಡುತ್ತ ಕೂರಲು ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಇಲ್ಲ ಎಂದು ಬರೆದರೆ ತಪಾಸಣೆ ಬರುತ್ತದೆ, ಯಂತ್ರ ಸಿಕ್ಕಿಬೀಳುತ್ತದೆ. ಸೈಮಾ ಇದ್ದಷ್ಟು ದಿನ ಒಂದೂ ತಪ್ಪಿರಲಿಲ್ಲ, ಇವಳು ಬಂದಳು ತಪ್ಪಿತು ಎಂದು ಊರೂ ಹೇಳುತ್ತದೆ, ಸುಂದೆಲ್ ಕೂಡ ಹೇಳುತ್ತಾರೆ. ತಾಯ್ಸ್ತೊನ ಹೆಂಡತಿಯ ಹೆಸರು ಹಾಗೇ ಉಳಿಯುತ್ತದೆ. ಹಿಲ್ಕಳದೂ ಉಳಿಯುತ್ತದೆ.

ಎಲ್ಲವನ್ನೂ ಬಿಚ್ಚಿ ಹೇಳುವ ದಾರಿಯೂ ಇತ್ತು. ಸುಂದೆಲ್ ಹತ್ತು ಹೆಜ್ಜೆಯಲ್ಲೇ ಇದ್ದರು, ಬನ್ನು ಮುರಿದು ಕಾಫಿಯಲ್ಲಿ ಅದ್ದುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಸುಳ್ಳಲ್ಲ. ಒದೆಸಿಕೊಳ್ಳಬೇಕಾದ ಎದೆ ತನ್ನದೇ ಎಂದು ಹಿಲ್ಕಳಿಗೆ ಗೊತ್ತಿತ್ತು. ಏಳಬೇಕೆಂದುಕೊಂಡಳು. ಆದರೆ ಏಳಲಿಲ್ಲ. ಅರವತ್ತೈದು ವರ್ಷದ ತನ್ನ ಮೇಲೆ ಅವಳಿಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

“ನಮ್ದೂ ಇಲ್ಲ ಅಂತಾನೇ ಬಂತು,” ಎಂದಳು.

“ಹೌದಾ?”

“ಹೂಂ. ನಾಲ್ಕರಲ್ಲಿ ಏನೂ ಇಲ್ಲ. ಬರೀ ನೀರು.”

ಪೈವಿಕ್ಕಿ ಎದೆಯ ಮೇಲೆ ಕೈಯಿಟ್ಟುಕೊಂಡು ದೀರ್ಘವಾಗಿ ಉಸಿರು ಬಿಟ್ಟಳು. ಎರಡು ದಿನದಿಂದ ಒಂದು ತುತ್ತು ನೆಟ್ಟಗೆ ತಿಂದಿಲ್ಲ, ಸುಮ್ಮನೆ ಇಲ್ಲದ್ದನ್ನು ಕಂಡೆ, ಅನುಭವ ಇಲ್ಲದಿದ್ದರೆ ಹೀಗೇ ಎಂದು ತನ್ನನ್ನೇ ಬೈದುಕೊಂಡಳು. ಪೆನ್ಸಿಲು ತೆಗೆದು ನಾಲ್ಕರ ಮುಂದೆ ದಪ್ಪವಾಗಿ ಇಲ್ಲ ಎಂದು ಬರೆದಳು. ಆಮೇಲೆ ಫೋನು ತೆರೆದು, ಕಾಗದ ನೋಡಿ ನೋಡಿ ಎಂಟನ್ನೂ ತುಂಬಿಸಿ, ಕೊನೆಗೆ ತನ್ನ ಹೆಸರು ಒತ್ತಿದಳು. ನಾಲ್ಕಕ್ಕೆ ಇನ್ನೂ ಹದಿನೆಂಟು ನಿಮಿಷವಿತ್ತು.

“ಹೋಯ್ತು,” ಎಂದಳು.

ಎದ್ದು ಹೋಗಿ ಸುಂದೆಲ್‌ಗೂ ಹೇಳಿದಳು. ಅವರು ಕೈ ಒರೆಸಿಕೊಂಡು ಎದ್ದು ಅವಳ ಕೈ ಕುಲುಕಿದರು. ತಾಯ್ಸ್ತೊ ಅವಳ ಬೆನ್ನು ತಟ್ಟಿದ. ಪಾದ್ರಿ ಕೊನೆಯ ಸಂತಾಪಪತ್ರ ಓದಿ ಮುಗಿಸಿ ಎಲ್ಲರೂ ಎದ್ದು ಒಂದು ಹಾಡು ಹೇಳೋಣ ಎಂದರು. ಎಲ್ಲರೂ ಎದ್ದರು, ಹಿಲ್ಕಳೂ ಹೇಗೋ ಎದ್ದಳು.

ಕೂತು ನೋಡುವಾಗ ಪೈವಿಕ್ಕಿ ಎರಡು ತಟ್ಟೆ ಹಿಡಿದು ವಾಪಸು ಬಂದಿದ್ದಳು. ಬೆಳಗಿನಿಂದ ನೀವು ಏನೂ ತಿಂದಿಲ್ಲ, ಇನ್ನು ಇನ್ನೂರು ಕಿಲೋಮೀಟರು ಗಾಡಿ ಓಡಿಸಬೇಕು ಎಂದು ಗದರಿದಳು. ಒಂದು ತಟ್ಟೆಯನ್ನು ತನ್ನ ಮುಂದಿಟ್ಟುಕೊಂಡು, ಹಿಲ್ಕಳಿಗೆಂದು ತಂದ ಕೇಕಿನ ತುಂಡಿನ ಮೇಲಿದ್ದ ಸೀಗಡಿಗಳನ್ನು ಫೋರ್ಕಿನ ತುದಿಯಿಂದ ಒಂದೊಂದಾಗಿ ತೆಗೆದು ತನ್ನ ತಟ್ಟೆಗೆ ಹಾಕಿಕೊಳ್ಳತೊಡಗಿದಳು. ಹಿಲ್ಕಳಿಗೆ ಸೀಗಡಿ ಆಗುವುದಿಲ್ಲವೆಂದು ಸೈಮಾ ಹೇಳಿದ್ದಳಂತೆ. ಕೆನೆಯಲ್ಲಿ ಹೂತಿದ್ದ ಒಂದು ಸಣ್ಣದನ್ನೂ ಬಿಡದೆ ಹುಡುಕಿ ತೆಗೆದಳು. ಕಿಟಕಿಯ ಬೆಳಕಿಗೆ ತಟ್ಟೆ ಓರೆಮಾಡಿ ಇನ್ನೊಮ್ಮೆ ನೋಡಿ, ಒಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ, ಹಿಲ್ಕಳ ಮುಂದೆ ಇಟ್ಟು ಫೋರ್ಕನ್ನು ಅವಳ ಕೈಗೆ ಕೊಟ್ಟಳು.